ದೊಡ್ಡಕೆರೆ ಮೈದಾನದಲ್ಲಿ ಒಂದು ಸಂಜೆ

ಮೈಸೂರಿನ ದಸರೆ ಹತ್ತು ದಿನಗಳ ಹಬ್ಬವೆಂದು ಪರಸ್ಥಳದವರು ತಿಳಿದಿರುತ್ತಾರೆ. ವಿಜಯದಶಮಿಯ ದಿನ ಅಂಬಾರಿಯನ್ನು ಹೊತ್ತ ಆನೆ ಬನ್ನಿಮಂಟಪವನ್ನು ಸೇರಿದೊಡನೆ ಅವರ ಪಾಲಿಗೆ ದಸರೆ ಮುಗಿಯಿತು. ಮಾರನೆಯ ದಿನ ರೈಲು, ಬಸ್ಸುಗಳೆಲ್ಲ ಊರಿಗೆ ಮರಳುವವರಿಂದ ತುಂಬಿಹೋಗುತ್ತವೆ. ಆದರೆ ಮೈಸೂರಿನ ಮಕ್ಕಳನ್ನು ಕೇಳಿ ನೋಡಿ. ಅವರ ದಸರೆ ಅಷ್ಟು ಬೇಗ ಮುಗಿಯುವಂಥದಲ್ಲ. ಅರಮನೆಯ ಪೂರ್ವ ದಿಕ್ಕಿನ ಜಯಮಾರ್ತಾಂಡ ದ್ವಾರದ ಎದುರಿಗೆ, ದೊಡ್ಡಕೆರೆ ಮೈದಾನದಲ್ಲಿ ವಸ್ತುಪ್ರದರ್ಶನ ನಡೆಯುವ ಸುಮಾರು ಮೂರು ತಿಂಗಳೂ ಅವರಿಗೆ ದಸರೆಯೇ.

ದೊಡ್ಡಕೆರೆ ಎಂಬ ಹೆಸರು ಸುಮ್ಮನೆ ಬಂದುದಲ್ಲ. ಈಗ ಜನ ತುಂಬಿ ತುಳುಕುವ ಈ ಜಾಗದಲ್ಲಿ ಹಿಂದೊಂದು ಕಾಲಕ್ಕೆ ನೀರು ತುಂಬಿ ತುಳುಕುತ್ತಿದ್ದಿತು. ಕೆರೆ ಹೋಗಿ ಮೈದಾನವಾಯಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು. ದಸರೆಯ ಉತ್ಸವವನ್ನು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದವರು ರಾಜ ಒಡೆಯರು. ಅದರೊಡನೆ ವಸ್ತುಪ್ರದರ್ಶನವೂ ಸೇರಿಕೊಂಡುದು ಬಹಳ ಈಚೆಗೆ, ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, 1880ರಲ್ಲಿ ಎಂದು ಹೇಳುತ್ತಾರೆ. ಹಬ್ಬ ನೋಡಲು ಹಳ್ಳಿಹಳ್ಳಿಗಳಿಂದ ಬರುವ ಜನ ಬರಿಯ ಮೆರವಣಿಗೆಯನ್ನು ನೋಡಿ ಹಿಂದಿರುಗದೆ, ಹೊಸ ಕಾಲದ ಕಸುಬುಗಳನ್ನೂ ಸಾಧನಗಳನ್ನೂ ಕಂಡು ಹೋಗಲಿ ಎಂಬುದು ಅದರ ಉದ್ದೇಶ. 1981ರಿಂದ ಈಚೆಗೆ ಕರ್ನಾಟಕ ವಸ್ತುಪ್ರದರ್ಶನ ಪ್ರಾಧಿಕಾರ ಇದರ ಹೊಣೆಯನ್ನು ಹೊತ್ತಿದೆ.

ಪ್ರದರ್ಶನವೆಂದರೆ ತೋರಿಸುವುದು. ಯಾರು ಯಾರಿಗೆ ಏನನ್ನು ತೋರಿಸುತ್ತಾರೆ ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಒಮ್ಮತವಿರಲಿಲ್ಲ. ಕಾರ್ತಿಕ ಮಾಸದ ಒಂದು ಭಾನುವಾರ ನಾವು ಐವರು ಬೆಂಗಳೂರಿನಿಂದ ರೈಲು ಹತ್ತಿದೆವು. ನಮ್ಮ ಯಜಮಾನರಿಗೆ ಸರ್ಕಾರಿ ಇಲಾಖೆಗಳ ಮಳಿಗೆಗಳನ್ನು ಮಕ್ಕಳಿಗೆ ತೋರಿಸಿ ಅವರ ಸಾಮಾನ್ಯಜ್ಞಾನವನ್ನು ಬೆಳೆಸಬೇಕೆಂಬ ಹಂಬಲ. ನಾಲ್ಕು ವರ್ಷದ ಮಗನಿಗೆ ಪುಟಾಣಿ ರೈಲಲ್ಲದೆ ಬೇರೆ ಯಾವುದೂ ಬೇಕಿಲ್ಲ. ನಿಜವಾದ ರೈಲಿನಲ್ಲಿ ಕುಳಿತೇ ಅವನು ಆ ರೈಲಿಗಾಗಿ ಹಟ ಮಾಡುತ್ತಿದ್ದ. ಎಪ್ಪತ್ತು ದಾಟಿದ ನಮ್ಮ ಅತ್ತೆಯವರ ಆಸೆ ಎಲ್ಲರದಕ್ಕಿಂತ ಎತ್ತರದ್ದು. ಅವರಿಗೆ ಜಯಂಟ್ ವೀಲ್ ಹತ್ತಬೇಕಾಗಿದ್ದಿತು. ಚಿಕ್ಕಂದಿನಲ್ಲಿ ತವರೂರಿನ ಜಾತ್ರೆಯಲ್ಲಿ, ನಾಲ್ಕೇ ಪೆಟ್ಟಿಗೆಗಳಿದ್ದ ಮರದ ರಾಟೆ ತೊಟ್ಟಿಲನ್ನು ಆಳುಗಳು ಕೈಯಿಂದ ತಿರುಗಿಸುತ್ತಿದ್ದಾಗ ಕುಳಿತವರು ಅವರು. ಕೇಳಿದರೆ, “ಅದು ಇದರ ತಾಯಿ, ಇದು ಅದರ ಮಗಳು, ಮಗಳನ್ನೂ ಒಮ್ಮೆ ಮಾತನಾಡಿಸಿ ಬರುತ್ತೇನೆ” ಎನ್ನುತ್ತಿದ್ದರು.

ಉಳಿದವಳು ಏಳು ವರ್ಷದ ಮಗಳು. ಅವಳಿಗೆ ಏನು ನೋಡಬೇಕೆಂಬುದಕ್ಕಿಂತ ಏನು ಬೇಡವೆಂಬುದೇ ಸ್ಪಷ್ಟವಾಗಿದ್ದಿತು. ಎತ್ತರ ಬೇಡ, ಕತ್ತಲೆ ಬೇಡ, ಗುಂಪು ಬೇಡ. ಬೆಂಗಳೂರಿನ ಬಹುಮಹಡಿಯ ಮನೆಯಲ್ಲಿ, ಲಿಫ್ಟಿನಲ್ಲಿ ಏರಿ ಇಳಿದು, ಶಾಲೆಯ ವ್ಯಾನಿನಲ್ಲಿ ಹೋಗಿ ಬಂದು ಬೆಳೆಯುತ್ತಿರುವ ಮಗು. ಸಾವಿರಾರು ಅಪರಿಚಿತರ ನಡುವೆ ನಿಂತು ಅಭ್ಯಾಸವಿಲ್ಲ. ಈ ಭಯ ನಮ್ಮ ಮಗಳೊಬ್ಬಳದೇ ಅಲ್ಲವೆಂಬುದನ್ನು ನಗರಗಳಲ್ಲಿ ಮಕ್ಕಳನ್ನು ಸಾಕುತ್ತಿರುವ ಎಲ್ಲ ತಾಯಂದಿರೂ ಬಲ್ಲರು.

ನಾಲ್ಕೂವರೆಯ ಹೊತ್ತಿಗೆ ಟಿಕೆಟು ಕೊಂಡು ಒಳಗೆ ಕಾಲಿಟ್ಟೆವು. ಬಿಸಿಲಿನ್ನೂ ಇದ್ದಿತು, ಜನ ಅಷ್ಟಾಗಿ ಸೇರಿರಲಿಲ್ಲ. ಮೊದಲ ಸರದಿ ಯಜಮಾನರದು. ಇಲಾಖೆಗಳ ಮಳಿಗೆಗಳು ಸಾಲಾಗಿದ್ದುವು. ಜಿಲ್ಲಾ ಪಂಚಾಯಿತಿಗಳ ಮಳಿಗೆಗಳಲ್ಲಿ ಆಯಾ ಜಿಲ್ಲೆಯ ಗುಡಿ, ಜಲಪಾತ, ಬೆಳೆಗಳ ಮಾದರಿಗಳಿದ್ದುವು. ಯಜಮಾನರು ಒಂದೊಂದು ಫಲಕದ ಮುಂದೆಯೂ ನಿಂತು ಗಟ್ಟಿಯಾಗಿ ಓದಿದರು. ಮಗ ಫಲಕದ ಕೆಳಗೆ ಹರಿದು ಹೋಗುತ್ತಿದ್ದ ಇರುವೆಗಳ ಸಾಲನ್ನು ನೋಡಿದ. ಮಕ್ಕಳ ಕಣ್ಣಿನ ಎತ್ತರಕ್ಕೆ ಫಲಕಗಳನ್ನು ತೂಗುಹಾಕುವ ಪದ್ಧತಿ ಇನ್ನೂ ಬಂದಿಲ್ಲ. ನಾವು ನಿಂತಲ್ಲಿ ನಮಗೆ ಕಾಣುವುದು ಪ್ರದರ್ಶನ. ಮಗುವಿಗೆ ಕಾಣುವುದು ಮುಂದಿನವರ ಬೆನ್ನು ಮತ್ತು ಕೈಚೀಲ. ಇದನ್ನು ತಿಳಿಯಬೇಕಾದರೆ ಒಂದು ನಿಮಿಷ ಮೊಣಕಾಲೂರಿ ಕುಳಿತು ನೋಡಿದರೆ ಸಾಕು.

ಮಗಳು ತಾನಾಗಿ ನಿಂತುದು ಚನ್ನಪಟ್ಟಣದ ಬೊಂಬೆಗಳ ಮುಂದೆ. ಆಲೆ ಮರವನ್ನು ತಿರುಗಣಿಗೆ ಕೊಟ್ಟು, ತಿರುಗುತ್ತಿರುವಾಗಲೇ ಅರಗಿನ ಬಣ್ಣದ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಯ ಗರಿಯಿಂದ ತಿಕ್ಕಿದರೆ ಕನ್ನಡಿಯಂತೆ ಹೊಳಪು. ಅಂಗಡಿಯ ಮುದುಕರು ಇದನ್ನೆಲ್ಲ ಅವಳಿಗೆ ಅಭಿನಯಿಸಿಯೇ ತೋರಿಸಿದರು. ಮಕ್ಕಳಿಬ್ಬರಿಗೂ ತಲಾ ನೂರು ರೂಪಾಯಿ ಕೊಟ್ಟು, ಇದು ನಿಮ್ಮದು, ಮುಗಿದರೆ ಮುಗಿಯಿತು ಎಂದು ಮೊದಲೇ ಹೇಳಿದ್ದೆವು. ತನ್ನ ಹಣವೆಂದಾಗ ಮಗುವಿಗೆ ಎಷ್ಟು ವಿವೇಕ ಬರುತ್ತದೆಂಬುದನ್ನು ಅಲ್ಲಿ ಕಂಡೆ. ಹತ್ತು ನಿಮಿಷ ಆಲೋಚಿಸಿ ಅವಳು ಒಂದು ಕೆಂಪು ಬುಗುರಿಯನ್ನು ಕೊಂಡಳು. ಉಳಿದ ಚಿಲ್ಲರೆಯನ್ನು ಎರಡು ಸಲ ಎಣಿಸಿ ಅಜ್ಜಿಯ ಕೈಗೆ ಕೊಟ್ಟಳು.

ಬಿಸಿಲು ಇಳಿಯುತ್ತಿದ್ದಂತೆ ದೀಪಗಳು ಹೊತ್ತಿಕೊಂಡುವು. ಮನೋರಂಜನೆಯ ವಿಭಾಗದ ಕಡೆಗೆ ಜನಪ್ರವಾಹ ತಿರುಗಿತು. ಧ್ವನಿವರ್ಧಕಗಳ ಅಬ್ಬರ, ಮೆಣಸಿನಕಾಯಿ ಬಜ್ಜಿಯ ಎಣ್ಣೆಯ ವಾಸನೆ, ಮೊರದಗಲದ ದೆಹಲಿ ಹಪ್ಪಳದ ಮೇಲೆ ಖಾರದ ಪುಡಿ ಉದುರಿಸುವವರ ಕೂಗು. ಮರಣಬಾವಿಯಲ್ಲಿ ಮೋಟಾರು ಸೈಕಲ್ಲು ಗೋಡೆಯ ಮೇಲೆ ಅಡ್ಡಡ್ಡವಾಗಿ ಸುತ್ತುತ್ತಿದ್ದಿತು. “ಅವರು ಯಾಕೆ ಬೀಳುವುದಿಲ್ಲ?” ಎಂದಳು ಮಗಳು, ಕಣ್ಣನ್ನು ಅರ್ಧ ಮುಚ್ಚಿಕೊಂಡು. ಬೆಳಗಿನಿಂದ ಕಾದಿದ್ದ ಪ್ರಶ್ನೆ ಕೊನೆಗೂ ಬಂದಿತೆಂದು ಯಜಮಾನರು ಉತ್ಸಾಹಗೊಂಡರು. ನೀರು ತುಂಬಿದ ತಂಬಿಗೆಯನ್ನು ಹಗ್ಗಕ್ಕೆ ಕಟ್ಟಿ ರಭಸದಿಂದ ತಿರುಗಿಸಿದರೆ ಅದು ತಲೆಕೆಳಗಾದಾಗಲೂ ನೀರು ಚೆಲ್ಲುವುದಿಲ್ಲ. ವಸ್ತು ನೇರವಾಗಿ ಓಡಬಯಸುತ್ತದೆ. ಬಾವಿಯ ಗೋಡೆ ಅದನ್ನು ಒಳಕ್ಕೆ ತಳ್ಳಿ ತಿರುಗಿಸುತ್ತದೆ. ಆ ಒತ್ತಡ ಹೆಚ್ಚಿದಷ್ಟೂ ಚಕ್ರ ಗೋಡೆಯನ್ನು ಗಟ್ಟಿಯಾಗಿ ಕಚ್ಚುತ್ತದೆ. ವೇಗ ತಗ್ಗಿದರೆ ಮಾತ್ರ ಅಪಾಯ. “ಹಾಗಾದರೆ ಅವರಿಗೆ ನಿಲ್ಲುವುದಕ್ಕೇ ಭಯ” ಎಂದಳು ಅವಳು. ಅವಳ ಅಪ್ಪನಿಗೆ ಅದಕ್ಕೆ ಉತ್ತರ ತಿಳಿಯಲಿಲ್ಲ.

ಮಗನಿಗೆ ಬೊಂಬಾಯಿ ಮಿಠಾಯಿ ಬೇಕೆನಿಸಿತು. ಸುತ್ತುವ ಬಟ್ಟಲಿನಲ್ಲಿ ಕರಗಿದ ಸಕ್ಕರೆ ಸಣ್ಣ ರಂಧ್ರಗಳಿಂದ ಹೊರಕ್ಕೆ ಚಿಮ್ಮಿ, ಗಾಳಿ ತಾಕಿದೊಡನೆ ನೂಲಾಗುವ ಈ ಯಂತ್ರವನ್ನು ಅಮೆರಿಕದಲ್ಲಿ 1897ರಲ್ಲಿ ಕಂಡುಹಿಡಿದವರಲ್ಲಿ ವಿಲಿಯಂ ಮಾರಿಸನ್ ಎಂಬಾತ ಒಬ್ಬ. ಆತ ದಂತವೈದ್ಯನೆಂದರೆ ನಗು ಬಾರದಿರದು. 1904ರ ಸೇಂಟ್ ಲೂಯಿಸ್ ಮಹಾಪ್ರದರ್ಶನದಲ್ಲಿ ಅದು ಜನರ ಮೆಚ್ಚುಗೆ ಗಳಿಸಿತು. ನಾವು ಕೊಂಡುದು ಬಿಳಿಯದನ್ನು. ಗುಲಾಬಿ ಬಣ್ಣಕ್ಕಾಗಿ ಕೆಲವರು ರೋಡಮಿನ್-ಬಿ ಎಂಬ, ಬಟ್ಟೆಗೆ ಹಾಕುವ ಬಣ್ಣವನ್ನು ಬೆರೆಸುತ್ತಿದ್ದರೆಂದು ಪರೀಕ್ಷೆಗಳಲ್ಲಿ ಕಂಡುಬಂದು, 2024ರ ಮಾರ್ಚಿಯಲ್ಲಿ ನಮ್ಮ ರಾಜ್ಯ ಸರ್ಕಾರ ಕೃತಕ ಬಣ್ಣದ ಮಿಠಾಯಿಯನ್ನು ನಿಷೇಧಿಸಿದೆ. ಬಿಳಿಯ ಮೋಡ ಕೈಗೆ ಬಂದೊಡನೆ ಮಗನಿಗೆ ಅದು ಅಂಟಂಟಾಯಿತೆಂದು ಬೇಡವಾಯಿತು. ಕೊನೆಗೆ ಅದನ್ನು ಪೂರ್ತಿ ಮುಗಿಸಿದವರು, ದಂತವೈದ್ಯರ ಹಂಗು ಹರಿದು ವರ್ಷಗಳೇ ಆಗಿರುವ ನಮ್ಮ ಅತ್ತೆಯವರು.

ಆರೂವರೆಯ ಸುಮಾರಿಗೆ ಪುಟಾಣಿ ರೈಲಿನ ಬಳಿಗೆ ಬಂದೆವು. ಯಜಮಾನರು ಮಗನೊಡನೆ ರೈಲು ಹತ್ತಿದರು. ಅಷ್ಟು ಎತ್ತರದ ಮನುಷ್ಯ ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಆ ಪೆಟ್ಟಿಗೆಯಲ್ಲಿ ಕುಳಿತುದನ್ನು ನೋಡಿ ನಾವು ಮೂವರೂ ನಗುತ್ತಿದ್ದೆವು. ಆಗ ಮಗಳು ನನ್ನ ಸೆರಗು ಜಗ್ಗಿದಳು. “ಅಮ್ಮ, ಆ ಪಾಪು ಒಂದೇ ಇದೆ.”

ಕಟಕಟೆಯ ಮೂಲೆಯಲ್ಲಿ ಮೂರು ವರ್ಷದ ಗಂಡುಮಗುವೊಂದು ನಿಂತಿದ್ದಿತು. ಹಳದಿ ಅಂಗಿ. ಕೈಯಲ್ಲಿ ದಾರವಿದ್ದಿತು, ದಾರದ ತುದಿಯಲ್ಲಿ ಬಲೂನಿರಲಿಲ್ಲ. ಅದು ಅಳುತ್ತಿರಲಿಲ್ಲ; ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತಿದ್ದಿತು. ಸುತ್ತ ನೂರಾರು ಜನ ಹಾದುಹೋಗುತ್ತಿದ್ದರು. ಪ್ರತಿಯೊಬ್ಬರೂ ಅದು ಪಕ್ಕದವರ ಮಗುವೆಂದು ಭಾವಿಸಿರಬೇಕು. ನಾನು ಹೆಜ್ಜೆಯಿಡುವ ಮುನ್ನವೇ ಮಗಳು ಹೋಗಿ ಅದರ ಕೈ ಹಿಡಿದಳು.

“ನಿನ್ನ ಹೆಸರೇನು?”

“ಚಿನ್ನು.”

“ಅಪ್ಪನ ಹೆಸರು?”

“ಅಪ್ಪ.”

“ಅಮ್ಮನ ಹೆಸರು?”

“ಅಮ್ಮ.”

“ನಿಮ್ಮೂರು ಯಾವುದು?”

ಮಗು ಬಹಳ ಹೊತ್ತು ಯೋಚಿಸಿ, “ಮನೆ” ಎಂದಿತು. ಆ ವಯಸ್ಸಿಗೆ ಅದು ಸಂಪೂರ್ಣವಾದ ವಿಳಾಸ. ಆ ಜನಸಂದಣಿಯಲ್ಲಿ ಅದರಿಂದ ಏನೇನೂ ಪ್ರಯೋಜನವಿರಲಿಲ್ಲ.

ನಾನು ಮಗುವನ್ನೆತ್ತಿಕೊಂಡು ಪೊಲೀಸ್ ಚೌಕಿಗೆ ಹೊರಡುವವಳಿದ್ದೆ. ಹತ್ತಿರದಲ್ಲಿದ್ದ ಬಲೂನು ಮಾರುವವನು ತಡೆದ. “ಬೇಡ ತಾಯಿ, ಮಗು ಇಲ್ಲೇ ಇರಲಿ. ಹೆತ್ತವರು ಬಂದ ದಾರಿ ಹಿಡಿದೇ ಹುಡುಕಿಕೊಂಡು ಬರುತ್ತಾರೆ. ಮಗು ಒಂದು ದಾರಿ, ಅವರು ಒಂದು ದಾರಿ ಆದರೆ ರಾತ್ರಿಯಾಗುತ್ತದೆ. ನೀವು ಹೋಗಿ ಹೇಳಿ ಬನ್ನಿ.” ವರ್ಷವಿಡೀ ಊರೂರ ಜಾತ್ರೆಗಳಲ್ಲಿ ನಿಂತವನ ಮಾತದು. ಅತ್ತೆಯವರು ಮಗುವಿನ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತರು. ಮಗಳು ಹಿಡಿದ ಕೈ ಬಿಡಲಿಲ್ಲ. ತನ್ನ ಹೊಸ ಬುಗುರಿಯನ್ನು ಸಿಮೆಂಟಿನ ಕಟ್ಟೆಯ ಮೇಲೆ ತಿರುಗಿಸಿ ತೋರಿಸತೊಡಗಿದಳು. ನಾನು ಚೌಕಿಗೆ ಹೋಗಿ ಹೇಳಿದೆ. ಅಲ್ಲಿದ್ದ ಮಹಿಳಾ ಪೇದೆ ಗುರುತುಗಳನ್ನು ಬರೆದುಕೊಂಡು ನನ್ನೊಡನೆಯೇ ಹೊರಟಳು. ನಾವು ಅರ್ಧ ದಾರಿ ಬರುವಷ್ಟರಲ್ಲಿ ಹಾಡು ನಿಂತು, ಹಳದಿ ಅಂಗಿಯ ಮಗುವಿನ ಪ್ರಕಟಣೆ ಇಡೀ ಮೈದಾನದಲ್ಲಿ ಮೊಳಗಿತು.

ಕಾಲು ಗಂಟೆ ಕಳೆಯಿತು. ರೈಲಿಳಿದು ಬಂದ ಯಜಮಾನರು ಮಗನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಅವನು ನೋವೆಂದು ಕೂಗಿದ. ಅಷ್ಟರಲ್ಲಿ ಜನರನ್ನು ಸೀಳಿಕೊಂಡು ಒಬ್ಬ ಹೆಂಗಸು ಓಡಿ ಬಂದಳು. ಒಂದು ಕಾಲಿನಲ್ಲಿ ಚಪ್ಪಲಿಯಿರಲಿಲ್ಲ. ಬಂದವಳೇ ಮಗುವಿನ ಬೆನ್ನಿಗೊಂದು ಏಟು ಕೊಟ್ಟಳು. ಮರುಕ್ಷಣವೇ ಎದೆಗವಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಅದುವರೆಗೆ ಅಳದಿದ್ದ ಮಗು ಆಗ ಗಟ್ಟಿಯಾಗಿ ಅಳತೊಡಗಿತು. ಹಿಂದೆಯೇ ಬಂದ ತಂದೆಗೆ ಮಾತು ಹೊರಡಲಿಲ್ಲ. ಜೇಬಿನಿಂದ ಐನೂರರ ನೋಟೊಂದನ್ನು ತೆಗೆದು ಬಲೂನಿನವನ ಮುಂದೆ ಹಿಡಿದರು. “ಅದೆಲ್ಲ ಬೇಡಿ ಸ್ವಾಮಿ” ಎಂದ ಅವನು, “ಮಗುವಿಗೆ ಬಲೂನು ಬೇಕಾದರೆ ಕೊಳ್ಳಿ. ಇಪ್ಪತ್ತು ರೂಪಾಯಿ.”

ಅವರು ಹೋದ ಮೇಲೆ ಮಗಳು ಸ್ವಲ್ಪ ಹೊತ್ತು ಮೌನವಾಗಿದ್ದಳು. ಆಮೇಲೆ ಕೇಳಿದಳು: “ಅಮ್ಮ, ನಾನು ಕಳೆದುಹೋದರೆ ಯಾರನ್ನು ಕೇಳಲಿ? ಗುರುತಿಲ್ಲದವರ ಹತ್ತಿರ ಮಾತನಾಡಬಾರದು ಅಂತ ಶಾಲೆಯಲ್ಲೂ ಹೇಳುತ್ತಾರೆ, ನೀನೂ ಹೇಳುತ್ತೀಯ. ಇಲ್ಲಿರುವವರೆಲ್ಲ ಗುರುತಿಲ್ಲದವರೇ ಅಲ್ಲವೆ?”

ಇಂದಿನ ತಂದೆತಾಯಿಗಳೆಲ್ಲ ಉತ್ತರ ಹೇಳಬೇಕಾದ ಪ್ರಶ್ನೆಯಿದು. ನಾನು ಮಾತಿಗೆ ತಡಕಾಡುತ್ತಿದ್ದಾಗ ಅತ್ತೆಯವರು ಹೇಳಿದರು: “ಗುರುತಿಲ್ಲದವರು ತಾವಾಗಿ ಬಂದು ಕರೆದರೆ ಹೋಗಬಾರದು, ಪುಟ್ಟಿ. ಆದರೆ ನಿನಗೆ ಬೇಕಾದಾಗ, ನೀನೇ ಆರಿಸಿಕೊಂಡು ಒಬ್ಬರನ್ನು ಕೇಳಬಹುದು. ಪೊಲೀಸಿನವರನ್ನು ಕೇಳು. ಅಂಗಡಿ ಇಟ್ಟುಕೊಂಡು ಕೂತವರನ್ನು ಕೇಳು. ಅವರು ಜಾಗ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಬಂದಿರುವ ತಾಯಿಯನ್ನು ಕೇಳು. ಕೇಳಿ, ನಿಂತ ಜಾಗದಲ್ಲೇ ನಿಂತಿರು.”

ಮಕ್ಕಳನ್ನು ಇಂಥ ಗುಂಪಿಗೆ ಕರೆದೊಯ್ಯುವ ಶ್ರಮಕ್ಕೆ ಒಂದು ಅರ್ಥವಿದ್ದರೆ ಅದು ಇದೇ ಎಂದು ನನಗೆ ತೋರುತ್ತದೆ. ಆಟಗಳು ಈಗ ನಗರದ ಮಳಿಗೆ ಸಂಕೀರ್ಣಗಳಲ್ಲಿಯೂ ಇವೆ. ಚಿತ್ರಗಳು ಅಂಗೈಯಲ್ಲಿನ ಫೋನಿನಲ್ಲಿಯೇ ಇವೆ. ಆದರೆ ಗುರುತಿಲ್ಲದ ಜನರ ನಡುವೆ ಎಚ್ಚರದಿಂದಿರುವುದು ಹೇಗೆ, ಅವರಲ್ಲಿ ನಂಬಬಹುದಾದವರನ್ನು ಆರಿಸುವುದು ಹೇಗೆ ಎಂಬುದನ್ನು ಮಗು ಮನೆಯ ಬಾಗಿಲು ಹಾಕಿಕೊಂಡು ಕಲಿಯಲಾರದು. ಅದಕ್ಕೆ ನಿಜವಾದ ಗುಂಪೇ ಬೇಕು; ಜೊತೆಯಲ್ಲಿ ಹಿಡಿದುಕೊಳ್ಳಲು ಒಂದು ಕೈ ಬೇಕು.

ಗಂಟೆ ಏಳು ದಾಟಿದ್ದಿತು. ಜಯಂಟ್ ವೀಲಿನ ಸಾಲು ಹನುಮಂತನ ಬಾಲದಂತೆ ಬೆಳೆದಿದ್ದಿತು. ಸಾಲಿನಲ್ಲಿ ನಿಂತಾಗ ಯಜಮಾನರು ಅದರ ಕಥೆ ಹೇಳಿದರು. ಪ್ಯಾರಿಸಿನಲ್ಲಿ 1889ರಲ್ಲಿ ಐಫೆಲ್ ಗೋಪುರ ಎದ್ದಮೇಲೆ, ಅದಕ್ಕೆ ಸರಿಗಟ್ಟುವ ಅದ್ಭುತವೊಂದು ತಮ್ಮ ಮೇಳದಲ್ಲಿಯೂ ಇರಬೇಕೆಂದು ಅಮೆರಿಕದವರು ಬಯಸಿದರು. ಜಾರ್ಜ್ ಫೆರಿಸ್ ಎಂಬ ಎಂಜಿನಿಯರು 1893ರ ಷಿಕಾಗೋ ಮಹಾಮೇಳಕ್ಕಾಗಿ 264 ಅಡಿ ಎತ್ತರದ ಉಕ್ಕಿನ ಚಕ್ರವನ್ನು ನಿಲ್ಲಿಸಿದ. ಅದಕ್ಕೆ 36 ಪೆಟ್ಟಿಗೆಗಳು. ಒಂದೊಂದರಲ್ಲಿ 60 ಜನ. ಒಮ್ಮೆಗೆ 2,160 ಮಂದಿ. ಅದೇ ಮೇಳಕ್ಕೆ ಸಂಬಂಧಿಸಿದಂತೆ ಆ ವರ್ಷದ ಸೆಪ್ಟೆಂಬರಿನಲ್ಲಿ ನಡೆದ ಸರ್ವಧರ್ಮ ಸಮ್ಮೇಳನದಲ್ಲಿಯೇ ಸ್ವಾಮಿ ವಿವೇಕಾನಂದರು ಮಾತನಾಡಿದುದು. ಅದಕ್ಕೆ ಹಿಂದಿನ ವರ್ಷ, 1892ರಲ್ಲಿ, ಅವರು ಇದೇ ಮೈಸೂರಿಗೆ ಬಂದು ಚಾಮರಾಜ ಒಡೆಯರ ಆದರಾತಿಥ್ಯವನ್ನು ಪಡೆದಿದ್ದರು.

ಮಗನ ಎತ್ತರ ಸಾಲದೆಂದು ಚಕ್ರದವನು ಬಿಡಲಿಲ್ಲ. ಅದು ಒಳ್ಳೆಯ ನಿಯಮವೇ. ಅಪ್ಪ-ಮಗ ಕುದುರೆಯಾಟಕ್ಕೆ ಹೋದರು. ಮಗಳು ಕೆಳಗೆ ನಿಲ್ಲುತ್ತಾಳೆಂದೇ ನಾನೆಣಿಸಿದ್ದೆ. “ಅಜ್ಜಿ ಕೈ ಹಿಡಿದುಕೊಂಡರೆ ಬರುತ್ತೇನೆ” ಎಂದಳು. “ನಾನು ನಿನ್ನ ಕೈ ಹಿಡಿಯುವುದಲ್ಲ, ನೀನು ನನ್ನ ಕೈ ಹಿಡಿದುಕೊ” ಎಂದರು ಅತ್ತೆಯವರು. ಅಡ್ಡಪಟ್ಟಿಯನ್ನು ಹಾಕಿ ಕೊಂಡಿ ಬಿಗಿದುದನ್ನು ನಾನು ಎರಡು ಬಾರಿ ಎಳೆದು ನೋಡಿದೆ. ತೊಟ್ಟಿಲು ಏರಿತು. ಮೊದಲ ಸುತ್ತಿನಲ್ಲಿ ಮಗಳು ಕಣ್ಣು ತೆರೆಯಲಿಲ್ಲ. ಎರಡನೆಯ ಸುತ್ತಿನಲ್ಲಿ, ಮೇಲೆ ಯಾರನ್ನೋ ಹತ್ತಿಸಲೆಂದು ಚಕ್ರ ನಿಂತಾಗ, ನಾವು ತುತ್ತತುದಿಯಲ್ಲಿದ್ದೆವು.

ಪಶ್ಚಿಮಕ್ಕೆ ಅರಮನೆ. ಭಾನುವಾರವಾದುದರಿಂದ ಸುಮಾರು ಒಂದು ಲಕ್ಷ ದೀಪಗಳು ಒಟ್ಟಿಗೆ ಉರಿಯುತ್ತಿದ್ದುವು. ಗೋಪುರ, ಕಮಾನುಗಳ ಅಂಚುಗಳೆಲ್ಲ ಚಿನ್ನದ ಗೆರೆಯಲ್ಲಿ ಬರೆದಂತೆ ತೋರುತ್ತಿದ್ದುವು. 1897ರಲ್ಲಿ ಮರದ ಹಳೆಯ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ನನ ಯೋಜನೆಯಂತೆ ಕಟ್ಟಿ 1912ರಲ್ಲಿ ಪೂರೈಸಿದ ಸೌಧವಿದು. ಅದರ ಬೀದಿಯಲ್ಲಿ ಎಷ್ಟೋ ಸಲ ಅಡ್ಡಾಡಿದ್ದರೂ ಹೀಗೆ ಮೇಲಿನಿಂದ ನೋಡಿದುದು ನನಗೂ ಮೊದಲನೆಯ ಸಲ. ದಕ್ಷಿಣದ ಕಡೆ ಚಾಮುಂಡಿ ಬೆಟ್ಟದ ದೀಪಗಳನ್ನು ಕಂಡು ಅತ್ತೆಯವರು ಒಂದು ಕೈಯಿಂದಲೇ ನಮಸ್ಕರಿಸಿದರು; ಇನ್ನೊಂದು ಕೈ ಮೊಮ್ಮಗಳ ವಶದಲ್ಲಿದ್ದಿತು.

ಮಗಳು ಕಣ್ಣು ತೆರೆದಿದ್ದಳು. ಆದರೆ ಅವಳು ನೋಡುತ್ತಿದ್ದುದು ಅರಮನೆಯನ್ನಲ್ಲ, ಕೆಳಗಿನ ಮೈದಾನವನ್ನು. “ಅದೋ ಪೊಲೀಸ್ ಚೌಕಿ. ಅದು ಬೊಂಬೆ ತಾತನ ಅಂಗಡಿ. ಪುಟಾಣಿ ರೈಲು ಅಲ್ಲಿ, ಬಲೂನಿನವರು ಈಗಲೂ ಅಲ್ಲೇ ಇದ್ದಾರೆ” ಎಂದು ಬೆರಳಿಟ್ಟು ಎಣಿಸಿದಳು. ಕೆಳಗಿದ್ದಾಗ ಬರಿಯ ಗುಂಪಾಗಿದ್ದುದು ಮೇಲಿನಿಂದ ಅವಳಿಗೆ ಒಂದು ಊರಿನ ಹಾಗೆ ಕಂಡಿರಬೇಕು. ಕೇಳಿ ತಿಳಿದುಕೊಳ್ಳಬಹುದಾದ ಮೂರು ನಾಲ್ಕು ಜನ ಅದರಲ್ಲಿ ಅವಳಿಗೆ ಗುರುತಿನವರಾಗಿದ್ದರು. ಅವೆಲ್ಲ ಆದಮೇಲೆ, ಚಕ್ರ ಮತ್ತೆ ಹೊರಟಾಗ, “ಅರಮನೆ ಚೆನ್ನಾಗಿದೆ” ಎಂದಳು.

ವಾಚಕರಲ್ಲಿ ಯಾರಾದರೂ ಚಿಕ್ಕ ಮಕ್ಕಳೊಡನೆ ಹೊರಡುವವರಿದ್ದರೆ ಒಂದೆರಡು ಮಾತು. ಎಲ್ಲವನ್ನೂ ನೋಡಬೇಕೆಂಬ ಹಟ ಬೇಡ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಇಷ್ಟ ನೆರವೇರಿದರೆ ಸಾಕು, ಸಂಜೆ ತುಂಬುತ್ತದೆ. ಬಿಸಿಲಿರುವಾಗಲೇ ಒಳಹೊಕ್ಕು ಮಳಿಗೆಗಳನ್ನು ಮುಗಿಸಿಕೊಳ್ಳುವುದು ಮೇಲು. ದೀಪಾಲಂಕಾರದ ಆಸೆಯಿಲ್ಲದಿದ್ದರೆ ವಾರದ ನಡುವಿನ ದಿನಗಳಲ್ಲಿ ಜನ ಕಡಿಮೆ. ಚಳಿಗೆ ಮಕ್ಕಳಿಗೊಂದು ಸ್ವೆಟರು ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಒಳಗೆ ಹೋದೊಡನೆ ಪೊಲೀಸ್ ಚೌಕಿಯನ್ನು ಮಕ್ಕಳಿಗೆ ತೋರಿಸಿರಿ. ನಿಮ್ಮ ಹೆಸರು ಮತ್ತು ಫೋನ್ ಸಂಖ್ಯೆಯನ್ನು ಬರೆದ ಚೀಟಿಯನ್ನು ಅಂಗಿಯ ಜೇಬಿನಲ್ಲಿಡಿರಿ. ಬಾಯಿಪಾಠ ಮಾಡಿಸಿದರೆ ಇನ್ನೂ ಒಳ್ಳೆಯದು.

ಆ ಪಾಠವನ್ನು ಮಾರನೆಯ ದಿನ ರೈಲಿನಲ್ಲಿ ಮಗಳೇ ಕೈಗೆತ್ತಿಕೊಂಡಳು. ಶ್ರೀರಂಗಪಟ್ಟಣದಲ್ಲಿ ಆರಂಭಿಸಿ, ಮಂಡ್ಯ ಬರುವ ವೇಳೆಗೆ ತಮ್ಮನಿಗೆ ಅಪ್ಪನ ಫೋನ್ ಸಂಖ್ಯೆಯ ಆರು ಅಂಕಿಗಳನ್ನು ಕಲಿಸಿದ್ದಳು. ಮದ್ದೂರಿನಲ್ಲಿ ವಡೆ ಬಂದಿತು. ಅವನು ಎಲ್ಲವನ್ನೂ ಮರೆತ. ಅವಳು ಬೇಸರಿಸಲಿಲ್ಲ. ಮತ್ತೆ ಮೊದಲಿನಿಂದ ಹೇಳಿಕೊಟ್ಟಳು. ಕೆಂಗೇರಿ ದಾಟುವಾಗ ಹತ್ತು ಅಂಕಿಗಳೂ ಬಂದುವು. ಅಪ್ಪನ ಹೆಸರೇನೆಂದು ಕೇಳಿದಾಗ ಮಾತ್ರ ಅವನು ನಕ್ಕು, “ಅಪ್ಪ” ಎಂದ.